ಚೀಲವನ್ನು ತೆರೆದು ನೋಡಿದವರಿಲ್ಲ

2021ರ ನವೆಂಬರ್ 30ರಂದು ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ ಹದಿನೈದರ ಹರೆಯದ ವಿದ್ಯಾರ್ಥಿಯೋರ್ವ ನಾಲ್ವರು ವಿದ್ಯಾರ್ಥಿಗಳನ್ನು ಗುಂಡಿಕ್ಕಿ ಕೊಂದ. ಇದು ಅನಿರೀಕ್ಷಿತವಾಗಿತ್ತೇ? ಹಿಂದಿನ ದಿನ ಆತ ಮೊಬೈಲ್‌ನಲ್ಲಿ ಮದ್ದುಗುಂಡು ಹುಡುಕುತ್ತಿದ್ದುದನ್ನು ಶಿಕ್ಷಕರೊಬ್ಬರು ಕಂಡಿದ್ದರು. ಅಂದು ಬೆಳಿಗ್ಗೆ ಲೆಕ್ಕದ ಹಾಳೆಯ ಮೇಲೆ ಪಿಸ್ತೂಲಿನ ಚಿತ್ರ ಬಿಡಿಸಿ, ನೆರವು ಬೇಡುವ ಮಾತನ್ನೂ ಬರೆದಿದ್ದ. ಹೆತ್ತವರನ್ನು ಕರೆಸಲಾಯಿತು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ನಾಲ್ಕು ದಿನಗಳ ಹಿಂದಷ್ಟೇ ಪಿಸ್ತೂಲು ಖರೀದಿಸಿದ್ದನ್ನು ತಿಳಿಸಲೂ ಇಲ್ಲ. ಶಾಲೆಯವರು ಅವನ ಚೀಲವನ್ನು ತೆರೆದು ನೋಡಲಿಲ್ಲ. 2024ರಲ್ಲಿ ಆ ತಂದೆ-ತಾಯಿಗೆ ತಲಾ ಕನಿಷ್ಠ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಕೊಲಂಬೈನ್ ಹತ್ಯಾಕಾಂಡದ ಬಳಿಕ ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆಗಳು 37 ಶಾಲಾ ದಾಳಿಗಳನ್ನು ಅಧ್ಯಯನ ನಡೆಸಿ 2002ರಲ್ಲಿ ವರದಿ ನೀಡಿದವು. ಹೆಚ್ಚಿನ ಘಟನೆಗಳಲ್ಲಿ ದಾಳಿಯ ಇರಾದೆ ಯಾರಿಗಾದರೂ ಮುಂಚಿತವಾಗಿಯೇ ತಿಳಿದಿತ್ತು. ತಿಳಿದವರು ಬಹುತೇಕ ಓರಗೆಯ ಮಕ್ಕಳೇ. ದಾಳಿಕೋರರಲ್ಲಿ ಅನೇಕರು ಸ್ವತಃ ಇತರರ ಕಿರುಕುಳದಿಂದ ನೊಂದವರಾಗಿದ್ದರು. ಆದರೆ 'ಇಂಥವನೇ ದಾಳಿಕೋರ' ಎಂಬ ನಿಶ್ಚಿತ ಚಹರೆ ಇಲ್ಲವೆಂದೂ ಅದೇ ವರದಿ ಹೇಳಿತ್ತು.

ಈ ಕೊನೆಯ ಮಾತನ್ನು ಅಮೆರಿಕವೇ ಮರೆಯಿತು. 2015ರಲ್ಲಿ ಟೆಕ್ಸಾಸ್‌ನ ಅರ್ವಿಂಗ್‌ನಲ್ಲಿ ಶಿಕ್ಷಕರಿಗೆ ತೋರಿಸಲೆಂದು ತಾನೇ ಜೋಡಿಸಿದ ಗಡಿಯಾರ ತಂದ 14ರ ಹರೆಯದ ಮುಸ್ಲಿಮ್ ಬಾಲಕನಿಗೆ ಕೋಳ ತೊಡಿಸಲಾಯಿತು. ಗಡಿಯಾರದಲ್ಲಿ ಬಾಂಬನ್ನು ಕಂಡ ವ್ಯವಸ್ಥೆಗೆ ಆಕ್ಸ್‌ಫರ್ಡ್‌ನ ಹಾಳೆಯಲ್ಲಿ ಪಿಸ್ತೂಲು ಕಂಡೂ ಕಾಣಲಿಲ್ಲ!

ಮುನ್ಸೂಚನೆಯಿರುವುದು ಹೆಸರಿನಲ್ಲಲ್ಲ, ವರ್ತನೆಯಲ್ಲಿ. ಅದು ಮೊದಲು ತಿಳಿಯುವುದು ಪಕ್ಕದ ಬೆಂಚಿನ ಗೆಳೆಯನಿಗೆ. ಅವನು ಮನೆಗೆ ಬಂದು ಹೇಳಿದಾಗ ನಾವು ಅದನ್ನು ಚಾಡಿಯೆಂದು ಗದರಿಸುತ್ತೇವೆಯೋ, ಕುಳಿತು ಕೇಳುತ್ತೇವೆಯೋ?