ಅಗುಳಿಯಿಲ್ಲದ ಬಾಗಿಲು

ರಾತ್ರಿ ಮುಂಬಾಗಿಲಿಗೆ ಅಗುಳಿ ಹಾಕಿ, ಹಿತ್ತಿಲ ಬಾಗಿಲಿನ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿ ಮಲಗುವುದು ನಮ್ಮ ಗೃಹಸ್ಥರ ವಾಡಿಕೆ. ಆದರೆ ಅದೇ ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕುಳಿತ ವೈಫೈ ರೌಟರಿನ ಕಡೆಗೆ ಅವರ ಗಮನ ಹೋಗುವುದು ಅಪರೂಪ. ಅದು ಹೊರಡಿಸುವ ರೇಡಿಯೋ ಅಲೆಗಳನ್ನು ಗೋಡೆಗಳು ಪೂರ್ತಿಯಾಗಿ ತಡೆಯಲಾರವು. ನೆರೆಮನೆಯ ಜಗಲಿಗೂ ಬೀದಿಯಲ್ಲಿ ನಿಂತ ಕಾರಿಗೂ ಅವು ತಲಪಬಲ್ಲವು.

“ಪಕ್ಕದ ಮನೆಯ ಹುಡುಗ ಒಂದೆರಡು ಸಿನಿಮಾ ನೋಡಿಕೊಂಡರೆ ನಮ್ಮ ಗಂಟೇನು ಹೋಗುತ್ತದೆ?” ಎನ್ನುವ ಉದಾರಿಗಳುಂಟು. ಅಂಥವರು 2008ನೆಯ ಇಸವಿಯ ಪ್ರಸಂಗವೊಂದನ್ನು ನೆನೆಯಬೇಕು. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸ್ಫೋಟಿಸುವುದಕ್ಕೆ ಕೆಲವೇ ನಿಮಿಷ ಮುಂಚೆ ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಒಂದು ಬಂದಿತು. ಅದರ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬಯಿಯ ಒಂದು ಮನೆಯ ಮುಂದೆ. ಪತ್ರ ಬರೆದವರು ಆ ಮನೆಯವರಲ್ಲ. ಅವರ ವೈಫೈಯನ್ನು ಹೊರಗಿನವರು ಬಳಸಿಕೊಂಡಿದ್ದರು. ಆದರೂ ವಿಚಾರಣೆಯ ಸಂಕಟ ಅವರಿಗೆ ತಪ್ಪಲಿಲ್ಲ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಮೊದಲು ಉತ್ತರ ಹೇಳಬೇಕಾದವರು ಅವರೇ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇಂದೇ ಅರ್ಧ ಗಂಟೆ ಕೂಡುವುದು ಮೇಲು. ರೌಟರಿಗೆ ಎರಡು ಪಾಸ್‌ವರ್ಡ್‌ಗಳಿರುತ್ತವೆ: ಒಂದು ವೈಫೈಗೆ ಸೇರಲು, ಇನ್ನೊಂದು ರೌಟರಿನ ವ್ಯವಸ್ಥೆಯನ್ನೇ ತಿದ್ದಲು. ಈ ಎರಡನೆಯದನ್ನು ಕಾರ್ಖಾನೆಯವರು ಇಟ್ಟಂತೆಯೇ ಬಿಡುವುದು ಅಪಾಯ. 2016ರಲ್ಲಿ ‘ಮಿರಾಯಿ’ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡ್‌ಗಳನ್ನೇ ಪ್ರಯೋಗಿಸಿ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು.

ರಕ್ಷಣೆಯ ವಿಧಾನವನ್ನು ಆರಿಸುವಾಗ ಡಬ್ಲ್ಯುಪಿಎ3 ಇದ್ದರೆ ಅದನ್ನೂ, ಇಲ್ಲವಾದರೆ ಡಬ್ಲ್ಯುಪಿಎ2ನ್ನೂ ಆರಿಸತಕ್ಕದ್ದು. ಹಳೆಯ ಡಬ್ಲ್ಯುಇಪಿಯ ದೌರ್ಬಲ್ಯ 2001ರಲ್ಲೇ ಬಯಲಾಗಿದೆ. ಇಂದು ಅದು ನಿಮಿಷಗಳಲ್ಲಿ ಮುರಿಯುವ ಬೀಗ. ಪಾಸ್‌ವರ್ಡ್ ಮಕ್ಕಳ ಹೆಸರಾಗಲಿ ಫೋನ್ ನಂಬರಾಗಲಿ ಆಗಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಜೋಡಣೆ ಉತ್ತಮ. ಡಬ್ಲ್ಯುಪಿಎಸ್ ಎಂಬ ಸುಲಭದ ಹಾದಿಯನ್ನೂ ಮುಚ್ಚಿಬಿಡುವುದು ಲೇಸು. ಅದರ ಎಂಟು ಅಂಕಿಯ ಸಂಖ್ಯೆಯನ್ನು ಹೆಚ್ಚೆಂದರೆ 11,000 ಯತ್ನಗಳಲ್ಲಿ ಊಹಿಸಬಹುದೆಂದು 2011ರಲ್ಲಿ ತೋರಿಸಿಕೊಟ್ಟಿದ್ದಾರೆ. ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ಆಗಾಗ ಅಳವಡಿಸಿಕೊಳ್ಳಬೇಕು.

ಅಂಗಡಿ, ಹೋಟೆಲು, ದವಾಖಾನೆಗಳವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಗಿರಾಕಿಗಳಿಗೆ ‘ಗೆಸ್ಟ್’ ಸಂಪರ್ಕವನ್ನು ಬೇರೆಯಾಗಿ ಕೊಟ್ಟು, ಲೆಕ್ಕಪತ್ರದ ಕಂಪ್ಯೂಟರನ್ನು ಅದರಿಂದ ದೂರವಿಡಬೇಕು. ಕಾಫಿ ಕುಡಿಯಲು ಬಂದವರನ್ನು ಗಲ್ಲಾಪೆಟ್ಟಿಗೆಯ ಬಳಿ ಕೂರಿಸುವವರುಂಟೆ?

ಬೀಗ ಭದ್ರವಾದ ಮೇಲೆ ವೇಗದ ಮಾತು. ರೌಟರನ್ನು ಉಕ್ಕಿನ ಬೀರುವಿನ ಹಿಂದೆ ಅಡಗಿಸದೆ ಮನೆಯ ನಡುಭಾಗದಲ್ಲಿ ಎತ್ತರದಲ್ಲಿಡಿ. ಮೈಕ್ರೋವೇವ್ ಒಲೆಯಿಂದ ದೂರವಿರಲಿ. ಆ ಒಲೆಯ ಅಲೆಗಳೂ ವೈಫೈಯ 2.4 ಗಿಗಾಹರ್ಟ್ಸ್ ಅಲೆಗಳೂ ಒಂದೇ ದಾರಿಯವು.

ಇಷ್ಟು ಮಾಡಿದ ಮರುದಿನವೇ ಪಕ್ಕದ ಮನೆಯವರು ಬಂದು, “ನಿಮ್ಮ ವೈಫೈ ಕೆಟ್ಟಿದೆಯೇ?” ಎಂದು ಬಹಳ ಕಾಳಜಿಯಿಂದ ವಿಚಾರಿಸಿದರೆ ವಾಚಕರು ಆಶ್ಚರ್ಯಪಡಬೇಕಾಗಿಲ್ಲ.