ಹಂಡೆಗೆ ಹೆಸರಿತ್ತು

ಹಳೆಯ ಸಾಮಾನು ಕೊಳ್ಳುವುದು ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ 'ಇವರಿಗೆ ಹೊಸತರ ಮೋಹ' ಎಂದೋ, 'ಉಳ್ಳವರನ್ನು ಕಂಡರೆ ಹೊಟ್ಟೆಯುರಿ' ಎಂದೋ ಯಾರೂ ಅಂದುಕೊಳ್ಳುವುದು ಬೇಡ. ನಮ್ಮ ಕರಾವಳಿಯಲ್ಲಿ ಹಳೆಯದನ್ನು ಹಾಗೆಲ್ಲ ಎಸೆದವರು ಯಾರಿದ್ದಾರೆ? ಒಂದು ಮನೆ ಕೆಡವಿದರೆ ಅದರ ಕೆಂಪುಕಲ್ಲು ಕೊಟ್ಟಿಗೆಯ ಗೋಡೆಗೆ, ತೊಲೆ ಮತ್ತೊಂದು ಮನೆಯ ಅಟ್ಟಕ್ಕೆ, ಹೆಂಚು ಬಚ್ಚಲಿನ ಮಾಡಿಗೆ. ಅಜ್ಜಿಯ ಸೀರೆ ಮೊಮ್ಮಗುವಿನ ಕೌದಿಗೆ. 'ಸೆಕೆಂಡ್ ಹ್ಯಾಂಡ್' ಎಂಬ ಮಾತು ನಮ್ಮ ಊರಿಗೆ ಬರುವ ಮೊದಲೇ ನಾವು ಮೂರನೆಯ ಕೈ, ನಾಲ್ಕನೆಯ ಕೈ ದಾಟಿ ಬಂದ ಸಾಮಾನಿನಲ್ಲಿ ಸಂಸಾರ ಮಾಡಿದವರು.

ಹಾಗಾದರೆ ನನ್ನ ತಕರಾರು ಯಾವುದರ ಮೇಲೆ? ಹಳೆಯ ಸಾಮಾನಿನ ಹೆಸರಿನಲ್ಲಿ ಈಗ ನಡೆಯುತ್ತಿರುವ ಸಿಂಗಾರದ ಮೇಲೆ. ಅದರಲ್ಲೂ ನಮ್ಮ ಕುಮಟಾ ತಾಲ್ಲೂಕಿನ ಗೋಕರ್ಣದ ಬದಿಗೆ, ಓಂ ಬೀಚಿನ ಸುತ್ತಮುತ್ತ ಎದ್ದಿರುವ ಕಾಟೇಜುಗಳ ಸಿಂಗಾರದ ಮೇಲೆ.

ಓಂ ಬೀಚನ್ನು ನೋಡಿದವರಿಗೆ ಗೊತ್ತು. ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದರೆ ಎರಡು ಅರ್ಧಚಂದ್ರಗಳು ನಡುವಿನ ಬಂಡೆಗಳ ಹತ್ತಿರ ಕೂಡಿಕೊಂಡು ಓಂಕಾರದ ಹಾಗೆ ಕಾಣುತ್ತವೆ. ಒಂದು ಕಾಲದಲ್ಲಿ ಇಲ್ಲಿಗೆ ಬರುತ್ತಿದ್ದ ಪರದೇಶದ ಹುಡುಗ ಹುಡುಗಿಯರು ತೆಂಗಿನ ಗರಿಯ ಗುಡಿಸಲಿನಲ್ಲಿ, ಸೆಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ರಸ್ತೆ ಬಂತು, ಕಾರು ಬಂತು, ಕಾಂಕ್ರೀಟು ಬಂತು. ಕಾಂಕ್ರೀಟು ಬಂದ ಮೇಲೆ ಅದು ಕಾಂಕ್ರೀಟು ಎಂದು ಕಾಣದ ಹಾಗೆ ಮುಚ್ಚುವ ಚಿಂತೆಯೂ ಬಂತು. ಮುಚ್ಚಲು ಸಿಕ್ಕಿದ್ದು ನಮ್ಮ ಅಟ್ಟದ ಮೇಲಿನ ಸಾಮಾನು. ಅದಕ್ಕೀಗ 'ವಿಂಟೇಜ್' ಎಂಬ ಬಿರುದು.

ಪರಿಚಯದವರೊಬ್ಬರು ಅಂಥದೊಂದು ಕಾಟೇಜು ಕಟ್ಟಿಸಿ ನೋಡಲು ಕರೆದಿದ್ದರು. ಬಾಗಿಲು ಯಾವುದೋ ಹಳೆಯ ಮನೆಯ ಪ್ರಧಾನ ಬಾಗಿಲು, ಹಲಸಿನ ಮರದ್ದು, ದಾರಂದದ ಮೇಲೆ ಬಳ್ಳಿಯ ಕೆತ್ತನೆ. ನೋಡಲು ಚೆಂದವೇ. ಒಳಗೆ ಹೋದರೆ, ತೊಟ್ಟಿಲಿನಲ್ಲಿ ಇಂಗ್ಲಿಷ್ ಮ್ಯಾಗಜೀನುಗಳು ಮಲಗಿದ್ದವು. ಭತ್ತ ಅಳೆಯುವ ಕೊಳಗ ಸಿಗರೇಟಿನ ಬೂದಿಗೆ. ಮಳೆಗಾಲವೆಲ್ಲ ಹೆಂಗಸರು ಮಕ್ಕಳು ಕೂತು ಆಡುತ್ತಿದ್ದ ಚೆನ್ನೆಮಣೆಯ ಗುಳಿಗಳಲ್ಲಿ ಸಣ್ಣ ಮೇಣದ ಬತ್ತಿಗಳು. ಮದುವೆಯಲ್ಲಿ ಹಸೆಗೆ ಇಡುವ ಮಣೆ ಗೋಡೆಯ ಮೇಲೆ ಮೊಳೆಗೆ ನೇತು ಬಿದ್ದಿತ್ತು. ಊಟದ ಮೇಜಿನ ಎದುರಿಗೆ ಯಕ್ಷಗಾನದ ಕಿರೀಟ. ಅದನ್ನು ಕಟ್ಟಿಕೊಳ್ಳುವ ಮೊದಲು ಕೈಮುಗಿಯುವ ಕಲಾವಿದರನ್ನು ಚೌಕಿಯಲ್ಲಿ ಕಂಡವಳು ನಾನು. ಅದರ ಕೆಳಗೆ ಕೂತು ನನಗೆ ಒಂದು ತುತ್ತೂ ಇಳಿಯಲಿಲ್ಲ.

ಹೊರಗಿನ ಜಗಲಿಯಲ್ಲಿ ಒಂದು ತಾಮ್ರದ ಹಂಡೆ. ಅದರಲ್ಲೊಂದು ಎಲೆಗಿಡ. ಗಿಡಕ್ಕೆ ನೀರು ನಿಲ್ಲಬಾರದೆಂದು ಹಂಡೆಯ ತಳಕ್ಕೆ ತೂತು ಕೊರೆಸಿದ್ದರು! ಬಗ್ಗಿ ನೋಡಿದರೆ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಒಬ್ಬ ಹೆಂಗಸಿನ ಹೆಸರು, ಅವಳ ತವರಿನ ಊರಿನ ಹೆಸರು. "ಇದು ಯಾರದು?" ಎಂದು ಕೇಳಿದೆ. "ಯಾರದೋ ಏನೋ, ಕಿಲೋ ಲೆಕ್ಕದಲ್ಲಿ ಸಿಕ್ಕಿತು" ಎಂದರು.

ನನ್ನ ಜಗಳವೆಲ್ಲ ಈ 'ಯಾರದೋ ಏನೋ' ಎಂಬ ಮಾತಿನ ಜೊತೆಗೆ.

ಪಾತ್ರೆಗೆ ಹೆಸರು ಕೊರೆಸುವುದು ನಮ್ಮಲ್ಲಿ ಚೆಂದಕ್ಕಾಗಿ ಹುಟ್ಟಿದ ರೂಢಿಯಲ್ಲ. ಮದುವೆ ಮುಂಜಿಗಳಿಗೆ ಒಂದು ಮನೆಯ ಹಂಡೆ, ಕೊಪ್ಪರಿಗೆ, ಹರಿವಾಣಗಳು ಮತ್ತೊಂದು ಮನೆಗೆ ಹೋಗುತ್ತಿದ್ದವು. ಕಾರ್ಯ ಮುಗಿದ ಮೇಲೆ ಬೆರೆತುಹೋಗದೆ ತಂತಮ್ಮ ಮನೆಗೆ ಮರಳಬೇಕಲ್ಲ, ಅದಕ್ಕೆ ಹೆಸರು. ಆದರೆ ಆ ಹೆಸರಿಗೆ ಇನ್ನೂ ಒಂದು ಅರ್ಥ ಇತ್ತು. ಗದ್ದೆಯ ಪಹಣಿಯಲ್ಲಿ ಗಂಡಸಿನ ಹೆಸರು, ಮನೆಯ ತೆರಿಗೆ ಚೀಟಿಯಲ್ಲಿ ಗಂಡಸಿನ ಹೆಸರು, ತೋಟದ ಸೊಸೈಟಿಯ ಪಾಸ್‌ಬುಕ್ಕಿನಲ್ಲಿಯೂ ಅವನದೇ. ಹೆಂಗಸಿನ ಹೆಸರನ್ನು ಅಕ್ಷರದಲ್ಲಿ ಬರೆದ ಆಸ್ತಿ ಇಡೀ ಮನೆಯಲ್ಲಿ ಯಾವುದಿತ್ತು ಹೇಳಿ? ಒಂದು ಹಂಡೆ, ಎರಡು ತಂಬಿಗೆ, ನಾಲ್ಕು ಲೋಟ. ಓದು ಬಾರದ ಎಷ್ಟೋ ಅಜ್ಜಿಯರು ಆ ಅಕ್ಷರಗಳನ್ನು ಬೆರಳಿನಿಂದ ಸವರಿಯೇ ತಮ್ಮ ಪಾತ್ರೆಯ ಗುರುತು ಹಿಡಿಯುತ್ತಿದ್ದರು.

ಅಂಥ ಪಾತ್ರೆ ಮನೆಯಿಂದ ಹೊರಬೀಳುವುದು ಹೇಗೆ? ಕಳ್ಳತನದಿಂದಲ್ಲ, ಹಾಡುಹಗಲೇ ಟೆಂಪೋದಲ್ಲಿ. ವ್ಯಾಪಾರಿ ಬರುತ್ತಾನೆ, ಜಗಲಿಯಲ್ಲಿ ಕೂತು ಮನೆಯ ಗಂಡಸಿನ ಹತ್ತಿರ ಮಾತಾಡುತ್ತಾನೆ. ಅಡಿಗೆಮನೆಯ ಸಾಮಾನಿಗೆ ಜಗಲಿಯಲ್ಲಿ ಬೆಲೆ ಕಟ್ಟುತ್ತಾರೆ. ನನ್ನ ದೊಡ್ಡಮ್ಮ ಬಾಣಂತನಕ್ಕೆಂದು ಮಗಳ ಮನೆಗೆ ಹೋಗಿ ಮೂರು ತಿಂಗಳು ಬಿಟ್ಟು ಬಂದರೆ ಬಚ್ಚಲಿನಲ್ಲಿ ಹಂಡೆ ಇಲ್ಲ, ಅಲ್ಲೊಂದು ಗೀಸರು. "ಹಳೇದಲ್ವೇನೆ ಅಮ್ಮಾ, ಒಳ್ಳೆ ರೇಟು ಬಂತು" ಎಂದ ಮಗ. ಮಗ ಕೆಟ್ಟವನಲ್ಲ, ಅಮ್ಮನಿಗೆ ಸೌದೆ ಒಲೆ ಊದುವ ಕಷ್ಟ ತಪ್ಪಲಿ ಎಂದೇ ಗೀಸರು ತಂದವನು. ದೊಡ್ಡಮ್ಮ ಜಗಳವಾಡಲಿಲ್ಲ. "ಗೀಸರು ಬೇಡ ಅಂತ ನಾನೆಲ್ಲಿ ಹೇಳಿದೆ? ಹಂಡೆ ನನ್ನ ಆಯಿ ಕೊಟ್ಟದ್ದು. ಒಂದು ಮಾತು ಕೇಳಬಹುದಿತ್ತು" ಎಂದರು, ಅಷ್ಟೆ. ನನಗೆ ಹೇಳಿದ್ದು, ಮಗನಿಗಲ್ಲ.

ಆ 'ಒಂದು ಮಾತು' ಬರಿಯ ಮರ್ಯಾದೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ತವರಿನಿಂದ ಬಂದ ಉಡುಗೊರೆ ಸ್ತ್ರೀಧನ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು, ಮದುವೆಯ ಮುಂಚೆಯಾಗಲಿ ನಂತರವಾಗಲಿ ಹೆಂಗಸಿಗೆ ಉಡುಗೊರೆಯಾಗಿ ಬಂದ ಚರ ಮತ್ತು ಸ್ಥಿರ ಸೊತ್ತು ಪೂರ್ತಿಯಾಗಿ ಅವಳದೇ ಎನ್ನುತ್ತದೆ. 1985ರಲ್ಲಿ ಪ್ರತಿಭಾ ರಾಣಿ ಎಂಬಾಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು: ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಸ್ತ್ರೀಧನ ಗಂಡನದಾಗುವುದಿಲ್ಲ. ಒಡವೆಗೆ ಬಂದಾಗ ಈ ಮಾತು ನಮಗೆಲ್ಲ ನೆನಪಿರುತ್ತದೆ. ಹಂಡೆಗೆ ಬಂದಾಗ ಮರೆಯುತ್ತದೆ. ಚಿನ್ನ ಮಾರಲು ಹೆಂಡತಿಯ ಒಪ್ಪಿಗೆ ಕೇಳುವ ಮನೆಯಲ್ಲಿಯೂ ತಾಮ್ರ ಮಾರಲು ಯಾರೂ ಕೇಳುವುದಿಲ್ಲ. ಯಾಕೆ, ಅದು ಬಚ್ಚಲಿನ ಹೊಗೆಯಲ್ಲಿ ಕಪ್ಪಾಗಿತ್ತೆಂದೆ?

ನನಗೆ ಎದುರುವಾದ ಹೇಳುವವರು ಬಹಳ. ಮೊದಲನೆಯ ವಾದ, "ನಾವು ಕೊಳ್ಳದಿದ್ದರೆ ಗುಜರಿಗೆ ಹೋಗಿ ಕರಗುತ್ತಿತ್ತು, ನಾವು ಉಳಿಸಿದೆವು." ಇದರಲ್ಲಿ ಅರ್ಧ ಸತ್ಯವಿದೆ. ಗ್ಯಾಸ್ ಒಲೆ ಬಂದ ಮೇಲೆ ದಪ್ಪ ತಳದ ಪಾತ್ರೆಗೆ ಕೆಲಸ ತಪ್ಪಿತು. ಕಲಾಯಿ ಹಾಕುವವರು ಊರಿಗೆ ಬರುವುದು ನಿಂತಿತು. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಮಾಡಿದರೆ ಕಿಲುಬು. ಮನೆಗಳು ಪಾಲಾದವು, ಮಕ್ಕಳು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟು ಸೇರಿದರು. ಮಾರುವುದಕ್ಕೆ ನ್ಯಾಯವಾದ ಕಾರಣಗಳಿವೆ, ಒಪ್ಪಿದೆ. ಆದರೆ ಕಿಲೋ ಲೆಕ್ಕದಲ್ಲಿ ಕೊಂಡು, ತಳಕ್ಕೆ ತೂತು ಹೊಡೆದು, ಯಾರದೋ ಏನೋ ಎನ್ನುವುದು ಉಳಿಸುವುದೆ? ಗುಜರಿಯವನಾದರೂ ಪ್ರಾಮಾಣಿಕ. ಅವನು ಅದನ್ನು ತಾಮ್ರವೆಂದು ಕೊಂಡ, ತಾಮ್ರವೆಂದು ಮಾರಿದ. ನೀವು ತಾಮ್ರದ ಬೆಲೆ ಕೊಟ್ಟು 'ಪರಂಪರೆ'ಯನ್ನು ತಂದಿರಿ. ಆ ಪರಂಪರೆಯ ಬೆಲೆಯನ್ನು ಕೋಣೆಯ ಬಾಡಿಗೆಯಲ್ಲಿ ಸೇರಿಸಿ ವಸೂಲಿ ಮಾಡಿದಿರಿ. ನಡುವಿನ ಲಾಭ ಹೋದದ್ದು ಎಲ್ಲಿಗೆ? ಹೆಸರು ಕೊರೆಸಿಕೊಂಡವಳಿಗಂತೂ ಅಲ್ಲ.

ಉಳಿಸುವುದು ಎಂದರೆ ಹೇಗೆಂದು ಒಬ್ಬರು ನಮಗೆ ತೋರಿಸಿ ಹೋಗಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈ ಸಿರಿವಂತ ಜಮೀನ್ದಾರರಲ್ಲ, ಬ್ಯಾಂಕಿನ ನೌಕರಿಯಲ್ಲಿದ್ದವರು. ಕೆಡವಲು ನಿಂತ ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ತೀರಿಕೊಂಡರು. ಅಲ್ಲಿ ಹೋದರೆ ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ್ ಮಹಲ್ ಎಂದು ಒಂದೊಂದೂ ತನ್ನ ಊರಿನ ಹೆಸರು ಹೊತ್ತು ನಿಂತಿದೆ. 'ಯಾರದೋ ಏನೋ' ಎಂಬ ಮನೆ ಅಲ್ಲಿಲ್ಲ. ಕಾಟೇಜಿನವರೆಲ್ಲ ಶೆಣೈಯವರಾಗಬೇಕೆಂದು ನಾನು ಹೇಳುತ್ತಿಲ್ಲ. ಒಂದು ಹೆಸರು ಬರೆದಿಡಲು ಆವರಣ ಬೇಡ, ಒಂದು ನೋಟ್‌ಬುಕ್ಕು ಸಾಕು.

ಕೇಳಿ ಬರೆದಿಟ್ಟರೆ ಎಂತೆಂಥ ಕಥೆಗಳು ಸಿಗುತ್ತವೆ! ಕುಮಟೆಯಂಥ ಸಣ್ಣ ಊರಿಗೆ ಅಂಥ ದೊಡ್ಡ ಮಾಳಿಗೆ ಮನೆಗಳು ಎಲ್ಲಿಂದ ಬಂದವು? 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿಗೆ ಅಲ್ಲಿನ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಯಿತು. ಊರಿನ ಹೆಸರೇ ಹತ್ತಿಯ ಹೆಸರಾಯಿತು. ಆ ಕಾಲದ ಸಿರಿಯ ಕುರುಹು ಎಷ್ಟೋ ಹಳೆಯ ಕಂಬಗಳಲ್ಲಿ ಇದ್ದೀತು. ಮಾಡಿನ ಹೆಂಚು ತೆಗೆದುಕೊಳ್ಳಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮಾಡೇ ಬದಲಾಯಿತು. ಹಳೆಯ ಹೆಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಕಾರ್ಖಾನೆಯ ಹೆಸರನ್ನು ಅತಿಥಿಗಳಿಗೆ ಹೆಮ್ಮೆಯಿಂದ ತೋರಿಸುವ ಮಂದಿ ಹಂಡೆಯ ಮೇಲಿನ ಹೆಂಗಸಿನ ಹೆಸರನ್ನು ಗೋಡೆಯ ಬದಿಗೆ ತಿರುಗಿಸಿ ಇಡುತ್ತಾರಲ್ಲ!

ಎರಡನೆಯ ವಾದ, "ಹಳ್ಳಿಯ ಬದುಕಿನ ಸೊಬಗನ್ನು ಪೇಟೆಯವರಿಗೆ ತೋರಿಸುತ್ತೇವೆ." ಯಾವ ಸೊಬಗು? ಕಾಟೇಜಿನ ಅಂಗಳದಲ್ಲಿ ಒರಳುಕಲ್ಲನ್ನು ಹೂವಿನ ನಡುವೆ ಇಟ್ಟು ದೀಪ ಹಾಕಿದ್ದಾರೆ. ಒರಳು ಹೋದದ್ದಕ್ಕೆ ನನಗೆ ಅಳು ಬರುವುದಿಲ್ಲ. ಬೆಳಗಿನ ದೋಸೆಗೆ ರಾತ್ರಿ ಒಂಬತ್ತಕ್ಕೆ ಕೂತು ಹಿಟ್ಟು ರುಬ್ಬಿದವರ ಸೊಂಟ, ಭುಜ ಏನಾದವೆಂದು ನಮ್ಮ ಅಮ್ಮಂದಿರನ್ನು ಕೇಳಿ. ಗ್ರೈಂಡರು ತಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಆದರೆ ಆ ಸೊಂಟನೋವನ್ನು ಅಳಿಸಿ, ಕಲ್ಲನ್ನು ಮಾತ್ರ ಸೊಬಗೆಂದು ತೋರಿಸುವುದು ಸುಳ್ಳು. ಕಷ್ಟಪಟ್ಟವಳು ಮಾಯ; ಕಲ್ಲು ಮಾತ್ರ ಫೋಟೋದಲ್ಲಿ.

ಇನ್ನು ಕೆಲವರು ಕೇಳುತ್ತಾರೆ, "ಸರಕಾರಕ್ಕಿಲ್ಲದ ಚಿಂತೆ ನಿಮಗೇಕೆ?" ಸರಕಾರಕ್ಕೂ ಕಾಯಿದೆ ಇದೆ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕೈಕೆಲಸದ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಹಸ್ತಪ್ರತಿಗಳಾದರೆ 75 ವರ್ಷವೇ ಸಾಕು. ಆದರೆ ಕಾಯಿದೆ ವಯಸ್ಸನ್ನು ಎಣಿಸುತ್ತದೆ. ನಮ್ಮ ಅಜ್ಜಿಯ ಅರವತ್ತು ವರ್ಷದ ಹಂಡೆಯ ಹತ್ತಿರ ಅದು ಬರುವುದಿಲ್ಲ. ಅಲ್ಲಿ ಕಾಯಬೇಕಾದವರು ನಾವೇ.

ಹಾಗೆಂದು ಕಾಟೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿ ಎನ್ನುತ್ತೇನೆಯೆ? ಇಲ್ಲ. ಸಮುದ್ರದ ಬದಿಯ ಮನೆಗೆ ಹಳೆಯ ಸಾಮಾನಿಗಿಂತ ಒಳ್ಳೆಯದಿಲ್ಲ. ಉಪ್ಪುಗಾಳಿಗೆ ಕಬ್ಬಿಣದ ಮಂಚ ನಾಲ್ಕೇ ಮಳೆಗಾಲಕ್ಕೆ ಪದರು ಪದರಾಗಿ ಉದುರುತ್ತದೆ. ಬಲಿತ ಹಲಸಿನ ಹಲಗೆಗೆ ವರ್ಷಕ್ಕೊಮ್ಮೆ ಗೇರೆಣ್ಣೆ ಬಳಿದರೆ ಗೆದ್ದಲೂ ಮುಟ್ಟುವುದಿಲ್ಲ. ದೋಣಿಯವರಿಗೆ ಇದು ಗೊತ್ತು. ಹಿತ್ತಾಳೆ ಕಪ್ಪಾದರೆ ಹುಣಸೆಹುಳಿ, ಬೂದಿ ಸಾಕು. ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಆದರೆ ಬಳಸಲು ಕೊಳ್ಳಿ. ಹಂಡೆಯನ್ನು ಬಚ್ಚಲಿನ ಒಲೆಯ ಮೇಲೆ ಕೂರಿಸಿ ಬಂದವರಿಗೆ ಬಿಸಿನೀರು ಕೊಡಿ, ತೆಂಗಿನ ಸೋಗೆ, ಮೋತೆಗಳಿಗೂ ಒಂದು ದಾರಿಯಾಗುತ್ತದೆ. ತಂಬಿಗೆಯಲ್ಲಿ ಕುಡಿಯುವ ನೀರಿಡಿ. ಚೆನ್ನೆಮಣೆಯನ್ನು ಮೇಜಿನ ಮೇಲೆ ಕಾಳಿನ ಜೊತೆಗೆ ಇಟ್ಟು, ಆಡುವುದು ಹೇಗೆಂದು ಕಲಿಸಲು ಊರಿನ ಒಬ್ಬಾಕೆಯನ್ನು ಸಂಬಳ ಕೊಟ್ಟು ಕರೆಸಿ. ಬೆಲೆಯನ್ನು ತೂಕದ ಮೇಲೆ ಕಟ್ಟಬೇಡಿ. ಅಂಥದೇ ಒಂದನ್ನು ಇಂದು ಮಾಡಿಸಿದರೆ ಎಷ್ಟಾಗುತ್ತದೆಂದು ಕೇಳಿ ಕಟ್ಟಿ. ಜಗಲಿಯಲ್ಲಿ ವ್ಯಾಪಾರ ಮುಗಿಸಿ ಏಳಬೇಡಿ; ಅಡಿಗೆಮನೆಯ ಬಾಗಿಲಿಗೆ ಹೋಗಿ, "ಅಮ್ಮಾ, ಇದು ನಿಮ್ಮದೆ? ಕೊಡಲು ನಿಮಗೆ ಮನಸ್ಸಿದೆಯೆ?" ಎಂದು ಕೇಳಿ. ಇಲ್ಲವೆಂದರೆ ಎದ್ದು ಬನ್ನಿ.

ಕೊನೆಗೆ ಒಂದು ಮಾತು ಓದುತ್ತಿರುವ ನಿಮಗೆ. ಪೇಟೆಯಲ್ಲಿದ್ದರೂ ನಮಗೆಲ್ಲ ಎಲ್ಲೋ ಒಂದು ತವರುಮನೆ, ಅದಕ್ಕೊಂದು ಅಟ್ಟ ಇದ್ದೇ ಇರುತ್ತದೆ. ಮುಂದಿನ ಸಲ ಹೋದಾಗ ಏಣಿ ಹಾಕಿ ಹತ್ತಿ. ಧೂಳು ಒರೆಸಿ ಒಂದೊಂದು ಪಾತ್ರೆಯ ಕಂಠದ ಮೇಲಿನ ಹೆಸರು ಓದಿ. ಅಮ್ಮನೋ ಅತ್ತೆಯೋ ಇದ್ದರೆ ಅವರ ಎದುರಿಗೆ ಗಟ್ಟಿಯಾಗಿ ಓದಿ, ಇದು ಯಾರದು, ಯಾರು ಕೊಟ್ಟದ್ದು, ಯಾವ ವರ್ಷ ಎಂದು ಬರೆದುಕೊಳ್ಳಿ. ಇಟ್ಟುಕೊಳ್ಳುವುದೋ, ಮಾರುವುದೋ, ಮೊಮ್ಮಗಳಿಗೆ ಕೊಡುವುದೋ ಅವರು ಹೇಳಲಿ. ಮಾರಿದರೆ ಹಣವನ್ನು ಅವರ ಕೈಗೇ ಎಣಿಸಿ. ಟೆಂಪೋ ಹೇಗೂ ಬಂದೇ ಬರುತ್ತದೆ. ಬಂದಾಗ ಜಗಲಿಯಲ್ಲಿ ಕೂತು ಬೆಲೆ ಹೇಳುವವರು ಆ ಹೆಸರಿನವರೇ ಆಗಿರಲಿ.