ಸಂಹಾರಕ್ಕೆ ಸುಧಾರಕನ ಪಟ್ಟವೇ?

ಅಂತರ್ಯುದ್ಧ ಹಳೆಯ ಕಟ್ಟುಪಾಡುಗಳನ್ನು ಸುಟ್ಟು ಹೆಣ್ಣುಮಕ್ಕಳಿಗೆ ದಾರಿ ಮಾಡಿಕೊಡುತ್ತದೆ ಎಂದು ಕಳೆದ ಸಂಚಿಕೆಯ ಲೇಖಕರು ರುವಾಂಡವನ್ನು ಮುಂದಿಟ್ಟು ವಾದಿಸಿದ್ದಾರೆ. 2008ರಲ್ಲಿ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಮಹಿಳೆಯರೇ ಬಹುಮತವಾದರು, ಜಗತ್ತಿನಲ್ಲೇ ಮೊದಲ ಬಾರಿಗೆ. ಒಪ್ಪಿದೆ. ಆದರೆ ಆ ಪುಣ್ಯವನ್ನು ಯಾರ ಖಾತೆಗೆ ಜಮಾ ಮಾಡುತ್ತಿದ್ದೀರಿ?

ಅಗಾಥ್ ಉವಿಲಿಂಗಿಯಿಮಾನಾ ಅವರ ಹೆಸರು ಲೇಖನದಲ್ಲಿ ಎಲ್ಲೂ ಇಲ್ಲ. ರಸಾಯನಶಾಸ್ತ್ರ ಕಲಿಸುತ್ತಿದ್ದವರು, ಶಿಕ್ಷಣ ಸಚಿವೆಯಾಗಿ ಶಾಲಾ ಪ್ರವೇಶದಲ್ಲಿದ್ದ ಜನಾಂಗವಾರು ಕೋಟಾ ಕಿತ್ತುಹಾಕಿದವರು, 1993ರಲ್ಲೇ ಪ್ರಧಾನಿಯಾದವರು. 1994ರ ಏಪ್ರಿಲ್ 7ರಂದು, ರುವಾಂಡದ ನರಮೇಧದ ಮೊದಲ ದಿನವೇ, ಸೈನಿಕರು ಅವರನ್ನು ಕೊಂದರು. ದಾರಿ ಮಾಡಿಕೊಟ್ಟದ್ದು ಹೀಗೆಯೇ? ಇನ್ನು ಅದೇ ಕಾಲದ ಮಹಿಳಾ ಕಲ್ಯಾಣ ಸಚಿವೆ ಪೌಲಿನ್ ನ್ಯಿರಾಮಸುಹುಕೊ ನರಮೇಧ, ಅತ್ಯಾಚಾರಗಳ ಅಪರಾಧಿಯೆಂದು 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ತೀರ್ಪಿತ್ತಿತು. ಹೆಣ್ಣು ಕುರ್ಚಿ ಏರಿದ ಮಾತ್ರಕ್ಕೆ ಸಮಾಜ ಬದಲಾಯಿತೆಂದು ಲೆಕ್ಕ ಹಾಕುವವರು ಇದನ್ನೂ ಕೂಡಿಸಿಕೊಳ್ಳಲಿ.

ಗಂಡಸರು ಸತ್ತು, ಸೆರೆಯಾಗಿ, ಗಡಿ ದಾಟಿ ಓಡಿದ ಮೇಲೆ ಉಳಿದ ವಿಧವೆಯರು ಗುದ್ದಲಿ ಹಿಡಿದರು. ಅದು ಬಿಡುಗಡೆಯಲ್ಲ, ಹೊಟ್ಟೆಪಾಡು. ಉತ್ತಿ ಬೆಳೆದ ನೆಲ ಅವರದಾಗಿರಲಿಲ್ಲ; ಸಂಪ್ರದಾಯ ಹೆಣ್ಣುಮಗಳಿಗೆ ಪಾಲು ಕೊಡುತ್ತಿರಲಿಲ್ಲ. ಮಹಿಳಾ ಸಂಘಟನೆಗಳು ಬೆನ್ನುಬಿಡದೆ ಕೇಳಿದ ಮೇಲೆ 1999ರಲ್ಲಿ ಉತ್ತರಾಧಿಕಾರದ ಕಾನೂನು ಬಂತು. ಶೇ 30ರ ಮೀಸಲಾತಿ ಬಂದದ್ದು 2003ರ ಸಂವಿಧಾನದಿಂದ. ಇವೆರಡೂ ಮಚ್ಚಿನಿಂದ ಬರೆದವಲ್ಲ.

ಸಂಸತ್ತಿನ ಆ ಬಹುಮತವೂ ಪೂರ್ತಿ ಬಿಡುಗಡೆಯಲ್ಲ: 2017ರಲ್ಲಿ ಅಧ್ಯಕ್ಷ ಕಗಾಮೆ ಅವರ ಎದುರು ಚುನಾವಣೆಗೆ ನಿಲ್ಲಹೊರಟ ದಿಯಾನ್ ರ್ವಿಗಾರಾ ಎಂಬ ಹೆಣ್ಣುಮಗಳು ಅದೇ ವರ್ಷ ಜೈಲು ಸೇರಿದ್ದರು. ಮರುವರ್ಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.